ನೆರಳು ಮೊದಲು ಕಿಟಕಿಯ ಹೊರಗೆ, ಮೋಟಾರು ಆಮೇಲೆ

ಹಾಸನ ಜಿಲ್ಲೆಯಲ್ಲಿ ಈಚೆಗೆ ಕಟ್ಟುತ್ತಿರುವ ಮನೆಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಗಾಜು. ಬೇಲೂರಿನ ಹೊಸ ಬಡಾವಣೆಯಾಗಲಿ, ಅರೇಹಳ್ಳಿ ಕಡೆಯ ಕಾಫಿ ತೋಟದ ಬಂಗಲೆಯಾಗಲಿ, ಅರಸೀಕೆರೆಯ ಹೊರವಲಯದ ಲೇಔಟ್ ಆಗಲಿ, ಹಿಂದೆ ಮರದ ಚೌಕಟ್ಟು, ಕಬ್ಬಿಣದ ಸರಳು, ಎರಡು ಬಾಗಿಲಿನ ಮೂರಡಿ ಕಿಟಕಿ ಇರುತ್ತಿದ್ದ ಜಾಗದಲ್ಲಿ ಈಗ ಆರಡಿ, ಎಂಟಡಿ ಅಗಲದ ಸ್ಲೈಡಿಂಗ್ ಗಾಜು ಕೂತಿದೆ. ಗಾಜು ದೊಡ್ಡದಾದ ಮೇಲೆ ಅದಕ್ಕೊಂದು ಮರೆ ಬೇಕು. ಆ ಮರೆ ದೊಡ್ಡದಾದಷ್ಟೂ ಕೈಯಲ್ಲಿ ಎಳೆಯುವುದು ಕಷ್ಟ. ಹಾಗಾಗಿ ಒಳಾಂಗಣದ ಅಂದಾಜು ಪಟ್ಟಿಯಲ್ಲಿ ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್‌ಗಳ ಜೊತೆಗೆ ಮೋಟಾರು ಇರುವ ರೋಲರ್ ಬ್ಲೈಂಡ್ ಕೂಡ ಸೇರಿಕೊಂಡಿದೆ. ರಿಮೋಟ್ ಒತ್ತಿದರೆ, ಮೊಬೈಲಿನಲ್ಲಿ ಬೆರಳಾಡಿಸಿದರೆ ಪರದೆ ತಾನೇ ಇಳಿಯುತ್ತದೆ, ತಾನೇ ಏರುತ್ತದೆ. ಅನುಕೂಲದ ವಸ್ತುವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಮಾರುವವರು ಹೇಳುವ ಮುಖ್ಯ ಕಾರಣ ಬಿಸಿಲು, ಸೆಕೆ. ನನ್ನ ತಕರಾರು ಇರುವುದು ಅಲ್ಲಿ. ಬಿಸಿಲನ್ನು ತಡೆಯಬೇಕಾದದ್ದು ಕಿಟಕಿಯ ಹೊರಗೆ. ಆ ಕೆಲಸವನ್ನು ಮನೆಯ ನಕ್ಷೆ ಬರೆಯುವಾಗಲೇ ಮುಗಿಸಬೇಕು. ಅದನ್ನು ಬಿಟ್ಟು ಒಳಗಿನ ಪರದೆಗೆ ಮೋಟಾರು ಕೂರಿಸಿದರೆ ಹಣ ಖರ್ಚಾಗುತ್ತದೆ, ಸೆಕೆ ಇದ್ದಲ್ಲೇ ಇರುತ್ತದೆ.

ಇದರ ಹಿಂದಿನ ಕಾರಣ ಶಾಲೆಯ ವಿಜ್ಞಾನದಷ್ಟು ಸರಳ. ಬಿಸಿಲು ಗಾಜನ್ನು ದಾಟಿ ಬೆಳಕಾಗಿ ಒಳಬರುತ್ತದೆ. ನೆಲಕ್ಕೋ ಸೋಫಾಕ್ಕೋ ಪರದೆಗೋ ತಾಗಿ ಅದನ್ನು ಬಿಸಿ ಮಾಡುತ್ತದೆ. ಬಿಸಿಯಾದ ವಸ್ತು ಹೊರಸೂಸುವ ಶಾಖವನ್ನು ಮಾತ್ರ ಗಾಜು ಬಂದ ದಾರಿಯಲ್ಲಿ ಹಿಂದಿರುಗಲು ಬಿಡುವುದಿಲ್ಲ. ಗಾಜಿನ ಒಳಬದಿಗೆ ತೂಗಿದ ಪರದೆ ಬಿಸಿಲನ್ನು ಹಿಡಿಯುವ ಹೊತ್ತಿಗೆ ಶಾಖ ಮನೆಯೊಳಗೆ ಬಂದಾಗಿರುತ್ತದೆ. ಕಣ್ಣಿಗೆ ಚುಚ್ಚುವ ಪ್ರಖರತೆ ತಗ್ಗುತ್ತದೆ, ಸೋಫಾದ ಬಣ್ಣ ಉಳಿಯುತ್ತದೆ, ಆದರೆ ಕೋಣೆಯ ಸೆಕೆಯಲ್ಲಿ ದೊಡ್ಡ ಪಾಲು ಉಳಿದೇ ಇರುತ್ತದೆ. ಅಮೆರಿಕದ ಇಂಧನ ಇಲಾಖೆ ಮನೆಯವರಿಗಾಗಿ ಕೊಡುವ ಮಾಹಿತಿಯಲ್ಲಿ ಈ ಅಂತರಕ್ಕೆ ಲೆಕ್ಕವಿದೆ. ಬಿಳಿ ಪ್ಲಾಸ್ಟಿಕ್ ಬೆನ್ನಿನ ಸಾಧಾರಣ ಬಣ್ಣದ ಕರ್ಟನ್ ಒಳಬರುವ ಶಾಖವನ್ನು ಶೇ 33ರಷ್ಟು ತಗ್ಗಿಸುತ್ತದೆ. ಬೆಳಕನ್ನು ಚೆನ್ನಾಗಿ ಹಿಂದಕ್ಕೆಸೆಯುವ ಬ್ಲೈಂಡನ್ನು ಪೂರ್ತಿ ಮುಚ್ಚಿದರೆ ಸುಮಾರು ಶೇ 45. ಕಿಟಕಿಯ ಹೊರಗೆ ಓರೆಯಾಗಿ ಚಾಚಿದ ಮರೆಯಾದರೆ (ಆನಿಂಗ್) ದಕ್ಷಿಣದ ಕಿಟಕಿಯಲ್ಲಿ ಶೇ 65ರವರೆಗೆ, ಪಶ್ಚಿಮದ ಕಿಟಕಿಯಲ್ಲಿ ಶೇ 77ರವರೆಗೆ. ಅವರ ಸೂರ್ಯ ಬೇರೆ, ನಮ್ಮ ಸೂರ್ಯ ಬೇರೆ, ಅಂಕಿಗಳು ಒಂದಷ್ಟು ಹೆಚ್ಚುಕಡಿಮೆ ಆಗಬಹುದು. ಒಳಗಿನದಕ್ಕಿಂತ ಹೊರಗಿನದು ಮೇಲು ಎಂಬ ಕ್ರಮ ಮಾತ್ರ ಎಲ್ಲಿಗೆ ಹೋದರೂ ಬದಲಾಗದು. ನಮ್ಮದೇ ದೇಶದ ನಿಯಮವೂ ಇದನ್ನೇ ಹೇಳುತ್ತದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ ರೂಪಿಸಿದ, 2018ರ ಡಿಸೆಂಬರಿನಲ್ಲಿ ಹೊರಬಂದ ಇಕೊ ನಿವಾಸ್ ಸಂಹಿತೆ, ವಾಸದ ಕಟ್ಟಡದ ಗೋಡೆ ಮತ್ತು ಕಿಟಕಿಗಳ ಮೂಲಕ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎನ್ನುತ್ತದೆ. ಆ ಲೆಕ್ಕ ಹಾಕುವಾಗ ಕಿಟಕಿಯ ಮೇಲಿನ ಸಜ್ಜಾ, ಪಕ್ಕದ ರೆಕ್ಕೆಗೋಡೆಗಳಂಥ ಕಾಯಂ ಹೊರಮರೆಗೆ ಬೆಲೆಯಿದೆ. ಒಳಗಿನ ಪರದೆಗೆ, ಅದು ಎಷ್ಟೇ ದುಬಾರಿಯಾಗಿರಲಿ, ಮೋಟಾರಿರಲಿ ಇಲ್ಲದಿರಲಿ, ಲೆಕ್ಕದಲ್ಲಿ ಜಾಗವೇ ಇಲ್ಲ.

ಹಾಗಾದರೆ ಸಜ್ಜಾ ಎಲ್ಲ ಮನೆಗೂ ಇದ್ದೇ ಇದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಅದನ್ನು ನಾಲ್ಕು ದಿಕ್ಕಿಗೂ ಒಂದೇ ಅಳತೆಯಲ್ಲಿ ಹಾಕಿ ಕೈತೊಳೆದುಕೊಳ್ಳುತ್ತೇವೆ. ಬೇಲೂರು, ಹಳೇಬೀಡು, ಅರಸೀಕೆರೆ ಇರುವುದು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ. ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಅಂದರೆ ನಮ್ಮ ದಕ್ಷಿಣದ ಕಿಟಕಿಗೆ ಬಿರುಬೇಸಿಗೆಯಲ್ಲಿ ದೊಡ್ಡ ಕಾಟವಿಲ್ಲ. ಎರಡಡಿ ಸಜ್ಜಾ ಇದ್ದರೆ ಸಾಕೋಸಾಕು. ತೊಂದರೆ ಕೊಡುವುದು ಪಡುವಣದ ಕಿಟಕಿ. ಏಪ್ರಿಲ್ ಕೊನೆಯ ಒಂದು ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯ ದಿಗಂತದಿಂದ 30 ಡಿಗ್ರಿಯಷ್ಟೇ ಮೇಲಿರುತ್ತಾನೆ. ಆಗ ಪಶ್ಚಿಮದ ಗೋಡೆಯ ಎರಡಡಿ ಸಜ್ಜಾದ ನೆರಳು ಕೆಳಗಿಳಿಯುವುದು ಒಂದೂಕಾಲು ಅಡಿಗಿಂತ ಕಡಿಮೆ. ನಾಲ್ಕಡಿ ಎತ್ತರದ ಕಿಟಕಿಯಲ್ಲಿ ಮುಕ್ಕಾಲು ಪಾಲು ಬಿಸಿಲಿಗೆ ತೆರೆದುಕೊಂಡೇ ಇರುತ್ತದೆ. ಮೋಡವಿಲ್ಲದ ಅಂಥ ಸಂಜೆ, ನಾಲ್ಕಡಿ ಉದ್ದ ನಾಲ್ಕಡಿ ಅಗಲದ ಸಾಧಾರಣ ಗಾಜಿನ ಮೂಲಕ ಒಳನುಗ್ಗುವ ಶಾಖ ಅರ್ಧ ಕಿಲೋವ್ಯಾಟನ್ನೂ ಮೀರುತ್ತದೆ. ಈ ದಿಕ್ಕಿಗೆ ಬೇಕಾದದ್ದು ಮೇಲಿನ ಚಪ್ಪಡಿ ಅಲ್ಲ, ಎದುರು ನಿಲ್ಲುವ ಮರೆ. ಅದು ಸಿಮೆಂಟ್ ಜಾಲಿಯಾಗಬಹುದು, ಹೊರಗೆ ಇಳಿಬಿಟ್ಟ ಬಿದಿರಿನ ಪರದೆಯಾಗಬಹುದು, ಎಂಟಡಿಯ ಒಂದು ವರಾಂಡ ಆಗಬಹುದು, ಇಲ್ಲವೇ ಜಾಗವಿದ್ದವರಿಗೆ ಒಂದು ಹೊಂಗೆ ಮರ. ಹೊಂಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮಾಗಿ ಮುಗಿಯುತ್ತಲೇ ಎಲೆ ಉದುರಿಸಿ, ಬಿಸಿಲು ಬಲಿಯುವ ಹೊತ್ತಿಗೆ ಹೊಸ ಚಿಗುರಿನಿಂದ ದಟ್ಟವಾಗುವ ಮರ ಅದು. ಅರಸೀಕೆರೆಯ ಸೀಮೆಯಲ್ಲಿ ತೆಂಗು ಎಷ್ಟಿದ್ದರೂ ಕಿಟಕಿಗೆ ಮರೆ ಕೊಡುವುದು ತೆಂಗಲ್ಲ. ಅದರ ತಲೆ ಸೂರಿಗಿಂತ ಎಷ್ಟೋ ಮೇಲಿರುತ್ತದೆ, ಸಂಜೆಯ ಬಿಸಿಲು ಬೊಡ್ಡೆಗಳ ಸಂದಿಯಿಂದ ನೇರ ಒಳಗೆ ಬರುತ್ತದೆ.

ಈ ಜಿಲ್ಲೆಯ ವಿಶೇಷವೆಂದರೆ ಇಲ್ಲಿ ಎರಡು ಹವೆಗಳಿವೆ. ಅರಸೀಕೆರೆ ಬಯಲುಸೀಮೆ, ಒಣ ಗಾಳಿ, ತೆಂಗು, ರಾಗಿ. ಬೇಲೂರು ತಾಲ್ಲೂಕಿನದೇ ಹೋಬಳಿಯಾದ ಅರೇಹಳ್ಳಿ ಮಲೆನಾಡಿನ ಅಂಚು, ಕಾಫಿ, ಮೆಣಸು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದ ಮಳೆ. ಒಂದೇ ಅಂಗಡಿಯ ಒಂದೇ ಕ್ಯಾಟಲಾಗಿನ ಪರದೆಯನ್ನು ಎರಡೂ ಕಡೆಗೆ ಒಂದೇ ಕಾರಣ ಹೇಳಿ ಮಾರುವುದು ಹೇಗೆ ಸರಿಯಾದೀತು? ಅರಸೀಕೆರೆಯ ಮನೆಗೆ ಏಪ್ರಿಲಿನ ಸಂಜೆ ದೊಡ್ಡ ಸಮಸ್ಯೆ. ಅರೇಹಳ್ಳಿಯ ಮನೆಗೆ ಆಷಾಢದ ತಿಂಗಳೇ ದೊಡ್ಡ ಸಮಸ್ಯೆ. ಅಲ್ಲಿ ಮಳೆಗಾಲದಲ್ಲಿ ಬೇಕಾದದ್ದು ಬೆಳಕು ಮತ್ತು ಗಾಳಿ. ಮುಚ್ಚಿದ ಕೋಣೆಯಲ್ಲಿ ಬಟ್ಟೆಯ ಪರದೆ ಸುರುಳಿ ಸುತ್ತಿಕೊಂಡು ಕೂತರೆ, ಆ ಸುರುಳಿಯ ನಡುವೆ ತೇವ ಸೇರಿ ಬೂಷ್ಟು ಹಿಡಿಯುತ್ತದೆ. ಕಂಬಳಿ, ಚರ್ಮದ ಚಪ್ಪಲಿ, ಪುಸ್ತಕದ ಬೆನ್ನು ಯಾವುದನ್ನೂ ಬಿಡದ ಬೂಷ್ಟು ಪಾಲಿಯೆಸ್ಟರಿನ ಮೇಲೆ ಕೂತ ಧೂಳನ್ನು ಬಿಟ್ಟೀತೇ? ಹಳಬರು ಅಲ್ಲಿ ಸೂರನ್ನು ತಗ್ಗಿಸಿ, ಜಗಲಿಯನ್ನು ಅಗಲ ಮಾಡಿ, ಎರಚಲು ಬಡಿಯುವ ಬದಿಗೆ ಮಳೆಗಾಲಕ್ಕಷ್ಟೇ ತಟ್ಟಿ ಕಟ್ಟಿ, ಮಳೆ ಮುಗಿದ ಮೇಲೆ ಬಿಚ್ಚಿಡುತ್ತಿದ್ದರು. ಅದು ಬಡತನದ ಉಪಾಯ ಆಗಿರಲಿಲ್ಲ. ತಟ್ಟಿ ಇರುತ್ತಿದ್ದದ್ದು ಗೋಡೆಯ ಹೊರಗೆ, ನೀರು ಮತ್ತು ಬಿಸಿಲು ಗೋಡೆಗೆ ತಲುಪುವ ಮೊದಲೇ ತಡೆಯುವ ಜಾಗದಲ್ಲಿ. ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿಡಕ್ಕೆ ನೆರಳು ಬೇಕೆಂದರೆ ಅವರು ಗಿಡಕ್ಕೆ ಬಟ್ಟೆ ಸುತ್ತುವುದಿಲ್ಲ, ಅದರ ಮೇಲೆ ಮರ ಬೆಳೆಸುತ್ತಾರೆ. ಮಳೆಗಾಲಕ್ಕೆ ಮೊದಲು ಮರಗಸಿ ಮಾಡಿಸಿ, ಅಂದರೆ ಕೊಂಬೆ ಸವರಿಸಿ, ಎಷ್ಟು ಬೆಳಕು ಬಿಡಬೇಕೋ ಅಷ್ಟೇ ಬಿಡುತ್ತಾರೆ. ಅರೇಬಿಕಾಕ್ಕೆ ದಟ್ಟ ನೆರಳು, ರೊಬಸ್ಟಾಕ್ಕೆ ತೆಳು ನೆರಳು ಎಂದು ಬೇರೆಬೇರೆ ಲೆಕ್ಕ ಇಟ್ಟುಕೊಂಡವರು, ಮನೆ ಕಟ್ಟುವಾಗ ಮಾತ್ರ ನಾಲ್ಕು ದಿಕ್ಕಿಗೂ ಒಂದೇ ಕಿಟಕಿ, ಒಂದೇ ಸಜ್ಜಾ, ಒಂದೇ ಪರದೆ ಎಂದು ಒಪ್ಪಿಕೊಳ್ಳುವುದು ನನಗೆ ಬೇಸರ ತರುತ್ತದೆ.

ಮರೆಯನ್ನು ಹೊರಗೇ ಇಡುವ ಈ ಬುದ್ಧಿ ಇಲ್ಲಿನ ಕಲ್ಲಿನ ಕಟ್ಟಡದಲ್ಲೂ ಕಾಣುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ದೊರೆ ವಿಷ್ಣುವರ್ಧನ ಕಟ್ಟಿಸಿದ್ದು 1117ರಲ್ಲಿ. ನವರಂಗದ ಹೊರಸಾಲಿನ ಕಂಬಗಳ ನಡುವೆ ಇಂದು ಕಾಣುವ ಜಾಲಂಧ್ರಗಳು ಬಂದದ್ದು ಆಮೇಲೆ, ಇಮ್ಮಡಿ ಬಲ್ಲಾಳನ ಕಾಲದಲ್ಲಿ ಎನ್ನುತ್ತಾರೆ ಇತಿಹಾಸಕಾರರು. ತೆರೆದಿದ್ದ ಮಂಟಪಕ್ಕೆ ಮರೆ ಬೇಕಾದಾಗ ಆ ಶಿಲ್ಪಿಗಳು ಮಾಡಿದ ತೀರ್ಮಾನವನ್ನು ಗಮನಿಸಬೇಕು. ಮರೆಯನ್ನು ಅವರು ಕಟ್ಟಡದ ಅಂಚಿಗೆ, ಬಿಸಿಲು ಮೊದಲು ತಾಗುವ ಗೆರೆಗೆ ಇಟ್ಟರು. ಮೇಲೆ ಮುಂಚಾಚಿದ ಕಲ್ಲಿನ ಸೂರು, ಕೆಳಗೆ ನಕ್ಷತ್ರದಾಕಾರದ, ಚೌಕದಾಕಾರದ ತೂತುಗಳ ಬಳಪದ ಕಲ್ಲಿನ ಫಲಕ. ಕೆಲವು ಫಲಕಗಳ ಮೇಲೆ ರಾಜನ ಒಡ್ಡೋಲಗ, ಪುರಾಣದ ಕಥೆಗಳು. ಕಲ್ಲು ದಪ್ಪವಾಗಿರುವುದರಿಂದ ಓರೆಯಾಗಿ ಬೀಳುವ ಬಿಸಿಲು ತೂತಿನ ಗೋಡೆಗೇ ತಾಗಿ ನಿಲ್ಲುತ್ತದೆ. ಎದುರಿನಿಂದ ಬರುವ ಮಂದ ಬೆಳಕು, ಗಾಳಿ ಒಳಗೆ ಬರುತ್ತವೆ. ಮನೆಗೆ ದೇವಾಲಯದ ಕಲ್ಲು ತರಲಾಗದು, ತರಬೇಕೂ ಇಲ್ಲ. ಇಟ್ಟಿಗೆಯನ್ನು ಬಿಟ್ಟುಬಿಟ್ಟು ಇಟ್ಟು ಕಟ್ಟಿದ ಜಾಲಿಯಿಂದಲೂ ಇದೇ ಕೆಲಸ ಆಗುತ್ತದೆಂದು ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಸಾಲುಸಾಲು ಮನೆಗಳಲ್ಲಿ ತೋರಿಸಿದರು. ಇದೇ ಜಾಲಂಧ್ರದ ಕಲ್ಪನೆಗೆ ಯಂತ್ರ ಸೇರಿಸಿದ ಉದಾಹರಣೆಯೂ ಲೋಕದಲ್ಲಿದೆ. ಪ್ಯಾರಿಸ್‌ನಲ್ಲಿ 1987ರಲ್ಲಿ ತೆರೆದ ಅರಬ್ ವರ್ಲ್ಡ್ ಇನ್‌ಸ್ಟಿಟ್ಯೂಟ್ ಕಟ್ಟಡದ ದಕ್ಷಿಣ ಗೋಡೆಗೆ ವಾಸ್ತುಶಿಲ್ಪಿ ಜಾನ್ ನೂವೆಲ್ 240 ಲೋಹದ ಫಲಕಗಳನ್ನು ಹಾಕಿದರು. ಬೆಳಕಿಗೆ ತಕ್ಕಂತೆ ಕ್ಯಾಮೆರಾದ ಕಣ್ಣಿನಂತೆ ಹಿಗ್ಗಿ ಕುಗ್ಗುವ ಮೋಟಾರಿನ ರಂಧ್ರಗಳು ಅವು. ನೋಡಲು ಅದ್ಭುತ, ಆದರೆ ಯಂತ್ರಗಳು ಕೆಟ್ಟು ಬಹುಕಾಲ ಅಲುಗಾಡದೆ ನಿಂತಿದ್ದವು, ಮತ್ತೆ ದುರಸ್ತಿ ಮಾಡಿಸಬೇಕಾಯಿತು. ದೊಡ್ಡ ಸಂಸ್ಥೆಯೊಂದು, ದುರಸ್ತಿಗೆ ಹಣ ಮತ್ತು ಎಂಜಿನಿಯರುಗಳು ಇರುವ ಊರಿನಲ್ಲಿ ಇದನ್ನು ಸುಸ್ಥಿತಿಯಲ್ಲಿಡಲು ಹೆಣಗಾಡಿತು. ಮೋಟಾರು ಕೆಟ್ಟರೆ ಹಾಸನಕ್ಕೋ ಬೆಂಗಳೂರಿಗೋ ಫೋನ್ ಮಾಡಿ ಕಾಯಬೇಕಾದ ಅರೇಹಳ್ಳಿಯ ಮನೆಯವರು ಇದನ್ನು ನೆನಪಿಡಬೇಕು.

ಇನ್ನು ವಿದ್ಯುತ್ತಿನ ವಿಚಾರ. ಮೋಟಾರಿನ ಪರದೆಯಿಂದ ಕರೆಂಟ್ ಬಿಲ್ಲು ಏರುತ್ತದೆ ಎಂದು ವಾದಿಸುವವರಿದ್ದಾರೆ. ಅದು ನ್ಯಾಯವಾದ ವಾದ ಅಲ್ಲ. ಪರದೆಯ ಸುರುಳಿಯೊಳಗೆ ಕೂರುವ 230 ವೋಲ್ಟಿನ ಕೊಳವೆ ಮೋಟಾರು ಓಡುವಾಗ 150 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳೋಣ. ಪರದೆ ಏರಲು ಅರ್ಧ ನಿಮಿಷ, ಇಳಿಯಲು ಅರ್ಧ ನಿಮಿಷ. ದಿನಕ್ಕೊಮ್ಮೆ ಏರಿಸಿ ಇಳಿಸಿದರೆ ವರ್ಷಕ್ಕೆ ಒಂದು ಯೂನಿಟ್ ಕೂಡ ತುಂಬುವುದಿಲ್ಲ. ಒಂದೂವರೆ ಟನ್ನಿನ ಎಸಿ ಗಟ್ಟಿಯಾಗಿ ಒಂದು ಗಂಟೆ ಓಡಿದರೆ ಅದಕ್ಕಿಂತ ಹೆಚ್ಚು ತಿನ್ನುತ್ತದೆ. ಕುತೂಹಲದ ಸಂಗತಿಯೆಂದರೆ, ಪರದೆ ಅಲುಗಾಡದೆ ರಿಮೋಟಿನ ಕರೆಗೆ ಕಾಯುತ್ತ ಕೂತಿರುವಾಗಲೇ ಅದರ ಖರ್ಚು ಹೆಚ್ಚು. ರೇಡಿಯೊ ಗ್ರಾಹಕಕ್ಕೆ ಅರ್ಧ ವ್ಯಾಟ್ ಬೇಕೆಂದರೂ ವರ್ಷಕ್ಕೆ ನಾಲ್ಕೂ ಚಿಲ್ಲರೆ ಯೂನಿಟ್ ಆಯಿತು, ಓಡುವ ಖರ್ಚಿನ ನಾಲ್ಕು ಪಟ್ಟಿಗೂ ಮೀರಿ. ಎಂಟು ಕಿಟಕಿಗೆ 35 ಯೂನಿಟ್. ಮನೆಯ ಬಿಲ್ಲಿನಲ್ಲಿ ಇದೂ ದೊಡ್ಡದಲ್ಲ. ಹಾಗಾಗಿ ಕರೆಂಟ್ ಉಳಿಸಿ ಎಂಬ ನೆಪದಲ್ಲಿ ಮೋಟಾರನ್ನು ಬೇಡವೆನ್ನುವುದು ನನ್ನ ಉದ್ದೇಶವಲ್ಲ. ಖರ್ಚು ಬರುವುದು ಬೇರೆ ದಾರಿಯಿಂದ. ಹೊರಗಿನ ನೆರಳಿಲ್ಲದ ಗಾಜಿನ ಹಿಂದೆ ಮೋಟಾರಿನ ಪರದೆ ಇಳಿಬಿಟ್ಟು, ಆದರೂ ಸೆಕೆ ಹೋಗಲಿಲ್ಲವೆಂದು ಎಸಿ ಹಾಕಿಸಿಕೊಂಡಾಗ ಆ ಖರ್ಚು ತಿಂಗಳು ತಿಂಗಳೂ ಬರುತ್ತದೆ.

ಕರೆಂಟ್ ಎಷ್ಟು ಬೇಕು ಎಂಬುದಕ್ಕಿಂತ, ಬೇಕಾದಾಗ ಇರುತ್ತದೆಯೇ ಎಂಬುದು ಮುಖ್ಯ. ಮಲೆನಾಡಿನ ಅಂಚಿನಲ್ಲಿ ಗಾಳಿಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದು, ಲೈನ್‌ಮನ್‌ಗಳು ಮಳೆಯಲ್ಲೇ ತೋಟ ಸುತ್ತಿ ದೋಷ ಹುಡುಕುವುದು ಪ್ರತಿ ಮಳೆಗಾಲದ ಕಥೆ. ಹಾಸನ ಜಿಲ್ಲೆಗೆ ವಿದ್ಯುತ್ ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸಿಬ್ಬಂದಿ ಎಷ್ಟೇ ಶ್ರಮಪಟ್ಟರೂ ಮರಗಳ ನಡುವೆ ಹಾದ ತಂತಿಯ ಸ್ವಭಾವ ಬದಲಾಗದು. ಇಂಥ ಕಡೆ ಇಳಿದ ಪರದೆ ಇಳಿದೇ ಇದ್ದರೆ ಮಳೆಗಾಲದ ಮಂಕು ಹಗಲಿನಲ್ಲಿ ಮನೆ ಕತ್ತಲ ಗೂಡಾಗುತ್ತದೆ. ಸೋಲಾರ್ ಇದೆಯಲ್ಲ ಎನ್ನುವವರು ಒಂದು ವಿಷಯ ತಿಳಿದಿರಬೇಕು. ಸಬ್ಸಿಡಿ ಪಡೆದು ಚಾವಣಿಗೆ ಹಾಕಿಸುವ, ಲೈನಿಗೆ ಜೋಡಿಸಿದ ಸಾಮಾನ್ಯ ಸೋಲಾರ್ ವ್ಯವಸ್ಥೆ ಲೈನು ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವವರಿಗೆ ಆಘಾತ ಆಗಬಾರದೆಂದು ಹಾಗೆ ಮಾಡಿದ್ದು, ಅದು ಸರಿಯೇ. ಪ್ರತ್ಯೇಕ ಬ್ಯಾಟರಿ ಇಲ್ಲದಿದ್ದರೆ ಆ ಹೊತ್ತಿಗೆ ಅದರಿಂದ ಉಪಯೋಗವಿಲ್ಲ. ಪರದೆಯೊಳಗೇ ಬ್ಯಾಟರಿ ಇರುವ ಮೋಟಾರುಗಳು ಬಂದಿವೆ. ಮೊಬೈಲಿನಂತೆ ಕೆಲವು ತಿಂಗಳಿಗೊಮ್ಮೆ ಚಾರ್ಜ್ ಮಾಡಿದರಾಯಿತು, ಗೋಡೆ ಒಡೆಯಬೇಕಿಲ್ಲ. ಕಟ್ಟಿ ಮುಗಿದ ಮನೆಗೆ ಇದು ಒಳ್ಳೆಯ ದಾರಿ ಎಂದು ಒಪ್ಪುತ್ತೇನೆ. ಆದರೆ ಎತ್ತರದ ಕಿಟಕಿಗೆ ಏಣಿ ಹಾಕಿ ಚಾರ್ಜರ್ ಸಿಕ್ಕಿಸಬೇಕಾದರೆ ಮೋಟಾರು ಹಾಕಿಸಿದ ಉದ್ದೇಶವೇ ಹೋಯಿತು. ಕಿಟಕಿಗೆ ಅಂಟಿಸುವ ಪುಟ್ಟ ಸೋಲಾರ್ ಪಟ್ಟಿ ಅರಸೀಕೆರೆಯ ಬಿಸಿಲಿಗೆ ಒಗ್ಗೀತು, ಅರೇಹಳ್ಳಿಯ ನಾಲ್ಕು ತಿಂಗಳ ಮೋಡದಲ್ಲಿ ಅದನ್ನು ನಂಬಿ ಕೂರಲಾಗದು. ಮಲೆನಾಡಿನ ಬಹಳಷ್ಟು ಮನೆಗಳಲ್ಲಿ ಯುಪಿಎಸ್ ಇದ್ದೇ ಇರುತ್ತದೆ. ಪರದೆಯ ಲೈನನ್ನು ಅದಕ್ಕೆ ಸೇರಿಸುವುದೇ ನೇರವಾದ ಉಪಾಯ, ಹೊರೆ ತೀರಾ ಕಡಿಮೆ. ಯುಪಿಎಸ್ ಹಳೆಯ ಸ್ಕ್ವೇರ್ ವೇವ್ ಮಾದರಿಯದಾದರೆ ಮೋಟಾರು ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. ಸೈನ್ ವೇವ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಮೋಟಾರು ನಿಜವಾಗಿ ಬೇಕಾದ ಮನೆಗಳಿವೆ. ಅವರ ಪರವಾಗಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿ, ದೊಡ್ಡ ಮನೆಯಲ್ಲಿ ಇಬ್ಬರೇ ವಯಸ್ಸಾದವರು ಉಳಿದಿರುವುದು ಕಾಫಿ ಸೀಮೆಯಲ್ಲಿ ಹೊಸತಲ್ಲ. ಹೆಗಲು ಮೇಲೆತ್ತಲಾಗದ ಅಜ್ಜಿಗೆ, ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ, ಹಾಸಿಗೆ ಹಿಡಿದವರಿಗೆ ಕಿಟಕಿಯ ಬೆಳಕನ್ನು ತಾವೇ ಹೆಚ್ಚುಕಡಿಮೆ ಮಾಡಿಕೊಳ್ಳುವುದು ಶೋಕಿಯಲ್ಲ, ಇನ್ನೊಬ್ಬರನ್ನು ಕೂಗಿ ಕರೆಯದೆ ಬದುಕುವ ಒಂದು ಮರ್ಯಾದೆ. ಮೆಟ್ಟಿಲ ಮೇಲಿನ, ಎರಡಂತಸ್ತು ಎತ್ತರದ ಹಜಾರದ ಕಿಟಕಿಗೂ ಕೈ ಎಟಕುವುದಿಲ್ಲ. ಪುಟ್ಟ ಮಕ್ಕಳಿರುವ ಮನೆಗಳ ಕಾರಣ ಇನ್ನೂ ಗಂಭೀರ. ಬ್ಲೈಂಡನ್ನು ಎಳೆಯಲು ಇಳಿಬಿಟ್ಟ ದಾರ, ಮಣಿಸರದ ಕುಣಿಕೆ ಕತ್ತಿಗೆ ಸಿಕ್ಕಿ ಅಮೆರಿಕದಲ್ಲಿ ಐದು ವರ್ಷದೊಳಗಿನ ಸರಾಸರಿ ಒಂಬತ್ತು ಮಕ್ಕಳು ಪ್ರತಿ ವರ್ಷ ಸಾಯುತ್ತಾರೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಹೇಳುತ್ತ ಬಂದಿದೆ. 2018ರ ಡಿಸೆಂಬರಿನಿಂದ ಅಲ್ಲಿ ಅಂಗಡಿಯ ಸಿದ್ಧ ಬ್ಲೈಂಡುಗಳು ದಾರವಿಲ್ಲದೆ, ಇಲ್ಲವೇ ಕೈಗೆ ಸಿಗದ ದಾರದೊಡನೆ ಬರಬೇಕೆಂಬ ಮಾನದಂಡ ಜಾರಿಗೆ ಬಂತು. ನಮ್ಮಲ್ಲಿ ತೊಟ್ಟಿಲನ್ನೋ ಮಂಚವನ್ನೋ ಗಾಳಿ ಬರಲೆಂದು ಕಿಟಕಿಯ ಪಕ್ಕಕ್ಕೇ ಹಾಕುವುದು ರೂಢಿ. ದಾರದ ಬ್ಲೈಂಡ್ ಇದ್ದರೆ ಇಂದೇ ತೊಟ್ಟಿಲು ಸರಿಸಿ, ದಾರವನ್ನು ಮೇಲೆ ಕೊಕ್ಕೆಗೆ ಸುತ್ತಿಡಿ. ಮೋಟಾರು ಹಾಕಿದರೆ ದಾರವೇ ಇರುವುದಿಲ್ಲ ಎಂಬುದು ಅದರ ದೊಡ್ಡ ಗುಣ. ಕೈಯಲ್ಲಿ ಎಳೆದು ಬಿಟ್ಟರೆ ಸ್ಪ್ರಿಂಗಿನಿಂದ ಏರುವ, ದಾರವೂ ಮೋಟಾರೂ ಇಲ್ಲದ ಬ್ಲೈಂಡುಗಳೂ ಇವೆ. ಕೈಗೆಟಕುವ ಕಿಟಕಿಗೆ ಅವು ಸಾಕು.

ಹಾಕಿಸಲೇಬೇಕೆಂದರೆ ಗೋಡೆಗೆ ಗಾರೆ ಆಗುವ ಮೊದಲು ಯೋಚಿಸಬೇಕು. ನಮ್ಮಲ್ಲಿ ಎಲೆಕ್ಟ್ರಿಷಿಯನ್ ಪೈಪು ಹಾಕಿ ಹೋದ ಎಷ್ಟೋ ತಿಂಗಳ ಮೇಲೆ ಪರದೆಯವರು ಬರುತ್ತಾರೆ, ಆಗ ಹತ್ತಿರದ ಫ್ಯಾನಿನ ಸ್ವಿಚ್ ಬೋರ್ಡಿನಿಂದ ಒಂದು ವೈರ್ ಎಳೆದು, ಕಿಟಕಿಯ ಪಕ್ಕ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಕರ್ಟನ್ ಹಿಂದೆ ಪಿನ್ ಸಿಕ್ಕಿಸಿ ಮುಗಿಸುತ್ತಾರೆ. ಎರಚಲು ಬಡಿಯುವ ಕಿಟಕಿಯ ಪಕ್ಕ ಹೀಗೆ ಮಾಡುವುದು ಅಪಾಯ. ಲಿಂಟಲ್ ಮಟ್ಟದಲ್ಲಿ, ಪರದೆಯ ಮೋಟಾರು ಯಾವ ತುದಿಗೆ ಬರುತ್ತದೋ ಆ ಮೂಲೆಗೆ ಪೈಪು ಬಂದಿರಬೇಕು. ಸ್ವಿಚ್ಚಿನಿಂದ ನಡೆಸುವ ಸಾಮಾನ್ಯ ಕೊಳವೆ ಮೋಟಾರಿಗೆ ನಾಲ್ಕು ತಂತಿ ಬೇಕು: ನ್ಯೂಟ್ರಲ್, ಅರ್ತ್, ಏರಲು ಒಂದು ಫೇಸ್, ಇಳಿಯಲು ಇನ್ನೊಂದು ಫೇಸ್. ಏರುವ ತಂತಿಗೂ ಇಳಿಯುವ ತಂತಿಗೂ ಒಂದೇ ಹೊತ್ತಿಗೆ ಕರೆಂಟ್ ಹೋಗಕೂಡದು. ಅದಕ್ಕಾಗಿ ಒಂದನ್ನು ಒತ್ತಿದಾಗ ಇನ್ನೊಂದು ಕೂರದಂತೆ ಮಾಡಿದ ಸ್ವಿಚ್ಚೇ ಬೇಕು, ಎರಡು ಬಿಡಿ ಲೈಟ್ ಸ್ವಿಚ್ಚು ಹಾಕಿದರೆ ಮೋಟಾರು ಸುಟ್ಟೀತು. ಎರಡು ಕಿಟಕಿಯ ಮೋಟಾರುಗಳನ್ನು ಹಾಗೇ ಒಂದೇ ಸ್ವಿಚ್ಚಿಗೆ ಕಟ್ಟುವುದೂ ತಪ್ಪು. ಒಂದು ಮೋಟಾರು ತನ್ನ ಕೊನೆ ಮುಟ್ಟಿ ನಿಂತಾಗ ಇನ್ನೊಂದರ ಸುರುಳಿಯ ಮೂಲಕ ಕರೆಂಟ್ ಹಿಮ್ಮುಖವಾಗಿ ಬಂದು ಎರಡನ್ನೂ ಕೆಡಿಸುತ್ತದೆ, ನಡುವೆ ರಿಲೇ ಇರಬೇಕು. ಈ ಮೋಟಾರುಗಳು ಸತತವಾಗಿ ಓಡಲು ಮಾಡಿದವಲ್ಲ, ಸುಮಾರು ನಾಲ್ಕು ನಿಮಿಷ ಓಡಿದರೆ ಒಳಗಿನ ಶಾಖದ ಸ್ವಿಚ್ಚು ತಾನೇ ನಿಲ್ಲಿಸಿ ತಣಿಯಲು ಬಿಡುತ್ತದೆ. ಮಕ್ಕಳು ಆಡಿ ಆಡಿ ನಿಂತ ಮೋಟಾರು ಕೆಟ್ಟಿತೆಂದು ಬಿಚ್ಚುವ ಮೊದಲು ಕಾಲು ಗಂಟೆ ಕಾಯುವುದು ಲೇಸು. 12 ವೋಲ್ಟಿನ ಸಣ್ಣ ಮೋಟಾರುಗಳಲ್ಲಿ ಆಘಾತದ ಭಯ ಕಡಿಮೆ, ಆದರೆ ತಂತಿ ಉದ್ದವಾದರೆ ಇನ್ನೊಂದು ತೊಂದರೆ. ಒಂದೂವರೆ ಚದರ ಮಿಲಿಮೀಟರಿನ ತಂತಿಯಲ್ಲಿ 20 ಮೀಟರ್ ದೂರಕ್ಕೆ 2 ಆಂಪಿಯರ್ ಹರಿದರೆ 12ರಲ್ಲಿ ಸುಮಾರು 1 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ಪರದೆ ಏದುಸಿರು ಬಿಡುತ್ತ ಏರುತ್ತದೆ. ಈ ಲೈನಿಗೆ ಪ್ರತ್ಯೇಕ ಎಂಸಿಬಿ, ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್ ಇರಲೇಬೇಕು. ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಇದನ್ನೆಲ್ಲ ಗಾರೆಗೆ ಮೊದಲು ಮಾಡಿದರೆ ಒಂದಷ್ಟು ಪೈಪು, ಒಂದಷ್ಟು ತಂತಿಯ ಖರ್ಚು. ಆಮೇಲೆ ಮಾಡಿದರೆ ಗೋಡೆ ಕೊರೆದು, ಪುಟ್ಟಿ ಹಚ್ಚಿ, ಬಣ್ಣ ಬಳಿಯುವ ಖರ್ಚು.

ಎದುರುವಾದಗಳಲ್ಲಿ ನನಗೆ ಬಲವಾಗಿ ಕಾಣುವುದು ಒಂದೇ. ಮನುಷ್ಯರು ಮರೆಯುತ್ತಾರೆ, ಸೋಮಾರಿಗಳಾಗುತ್ತಾರೆ. ಬೆಳಗ್ಗೆ ಕೆಲಸಕ್ಕೆ ಹೋಗುವವರು ಮಧ್ಯಾಹ್ನ ಬಂದು ಪಡುವಣದ ಪರದೆ ಇಳಿಸುವುದಿಲ್ಲ. ಒಮ್ಮೆ ಇಳಿಸಿದ್ದನ್ನು ವಾರಗಟ್ಟಲೆ ಏರಿಸುವುದಿಲ್ಲ. ಯಂತ್ರವಾದರೆ ಹೊತ್ತಿಗೆ ಸರಿಯಾಗಿ ಇಳಿಸುತ್ತದೆ, ಏರಿಸುತ್ತದೆ. ಇದು ನಿಜ, ಮತ್ತು ಹಗಲೆಲ್ಲ ಯಾರೂ ಇಲ್ಲದ ಮನೆಗೆ ತಕ್ಕ ಕಾರಣ. ಆದರೆ ಜಾಲಿಯಾಗಲಿ ಹೊಂಗೆಯಾಗಲಿ ಯಾರ ನೆನಪನ್ನೂ ನಂಬಿ ಕೆಲಸ ಮಾಡುವುದಿಲ್ಲ, ಕರೆಂಟನ್ನೂ ನಂಬುವುದಿಲ್ಲ. ಮರೆವಿಗೆ ಮದ್ದು ಬೇಕಾದರೆ ಅದು ಯಂತ್ರಕ್ಕಿಂತ ಗಟ್ಟಿಯಾದ ಮದ್ದು. ಹೊರಗೆ ತೂಗಿದ ಪರದೆ ಮಳೆಗಾಳಿಗೆ ಉಳಿಯುವುದಿಲ್ಲ ಎಂಬ ಮಾತೂ ಬರುತ್ತದೆ. ಅರೇಹಳ್ಳಿಯಲ್ಲಿ ಖಂಡಿತ ಉಳಿಯುವುದಿಲ್ಲ. ಅಲ್ಲಿಗೆ ಸೂರು, ಜಗಲಿ, ಜಾಲಿಯೇ ಸರಿ. ಬಿದಿರಿನ ಪರದೆ ಅರಸೀಕೆರೆ ಕಡೆಗೆ, ಅದೂ ಮಾರ್ಚ್‌ನಿಂದ ಮೇ ತನಕ ಇಳಿಬಿಟ್ಟು, ಮುಂಗಾರು ಹಿಡಿಯುವ ಮೊದಲು ಸುತ್ತಿಡಲು. ಈಗಾಗಲೇ ಕಟ್ಟಿ ಮುಗಿದ ಮನೆಯವರು ಏನು ಮಾಡಬೇಕು? ಪಡುವಣದ ಒಂದೆರಡು ಕಿಟಕಿಗಳನ್ನಷ್ಟೇ ಹಿಡಿದುಕೊಂಡು, ಅವುಗಳ ಹೊರಗೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಬಳ್ಳಿ ಹಬ್ಬಿಸಿದರೂ, ನೆರಳುಬಲೆ ಬಿಗಿದರೂ ಸಾಕು. ನರ್ಸರಿಗೆ ಹಾಕುವ ಅದೇ ಹಸಿರು ಬಲೆ. ಎಂಟು ಕಿಟಕಿಗೆ ಮೋಟಾರು ಹಾಕುವ ಹಣದ ಸಣ್ಣ ಪಾಲಿನಲ್ಲಿ ಅದು ಮುಗಿಯುತ್ತದೆ. ಉಳಿದ ಹಣದಲ್ಲಿ ಅಜ್ಜಿಯ ಕೋಣೆಗೊಂದು ಮೋಟಾರು ಹಾಕಿಸಿ, ಅದು ಸಾರ್ಥಕ.

ಗಾಜಿನ ಮನೆಯವರ ಸಮಸ್ಯೆ ಬಡವರಿಗೇಕೆ ಎಂದು ಕೇಳುವವರೂ ಇದ್ದಾರೆ. ಬಿಸಿಲು ಮೋಟಾರಿನ ಮನೆಗೊಂದು, ಬಸವ ವಸತಿ ಯೋಜನೆಯ ಮನೆಗೊಂದು ಎಂದು ಬೇರೆಯಾಗಿ ಬೀಳುವುದಿಲ್ಲ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ನೆರವಿನಿಂದ ಏಳುವ ಚಿಕ್ಕ ಮನೆಗಳಲ್ಲಿ ಕಿಟಕಿ ಒಂದೋ ಎರಡೋ, ಎಸಿಯ ಮಾತೇ ಇಲ್ಲ. ಆ ಒಂದು ಕಿಟಕಿ ಪಡುವಣಕ್ಕೆ ಬಿದ್ದು ಹೊರಗೆ ಮರೆಯಿಲ್ಲದಿದ್ದರೆ, ದುಡಿದು ಬಂದವರು ಕೂರುವ ಹೊತ್ತಿಗೆ ಕೋಣೆ ಕಾದಿರುತ್ತದೆ. ಅವರಿಗೆ ಮೋಟಾರು ಕೊಳ್ಳುವ, ಎಸಿ ಹಾಕಿಸುವ ದಾರಿಯಿಲ್ಲ. ಅವರ ನಕ್ಷೆ ಇನ್ನೂ ಹೆಚ್ಚು ಸರಿಯಿರಬೇಕು. ಗ್ರಾಮ ಪಂಚಾಯಿತಿಯಲ್ಲಿ, ಪುರಸಭೆಯಲ್ಲಿ ಮನೆಯ ನಕ್ಷೆ ಒಪ್ಪಿಸುವಾಗ ಸೆಟ್‌ಬ್ಯಾಕ್ ಅಳೆಯುತ್ತಾರೆ, ಮಳೆನೀರು ಇಂಗಿಸುವುದನ್ನು ಕೇಳುತ್ತಾರೆ. ಪಶ್ಚಿಮದ ಕಿಟಕಿಗೆ ಹೊರಮರೆ ಏನಿದೆ ಎಂದು ಒಂದು ಪ್ರಶ್ನೆ ಸೇರಿಸಲು ಹೊಸ ಕಾನೂನು ಬೇಕಿಲ್ಲ, ಎಂಜಿನಿಯರ್ ಗಮನ ಕೊಟ್ಟರೆ ಸಾಕು. ವಸತಿ ಯೋಜನೆಯ ಮಾದರಿ ನಕ್ಷೆಯನ್ನು ಇಡೀ ರಾಜ್ಯಕ್ಕೆ ಒಂದೇ ಎಂದಿಡದೆ, ಅರಸೀಕೆರೆಗೆ ಪಡುವಣದ ಜಾಲಿ ಇರುವ ಒಂದು ನಕ್ಷೆ, ಅರೇಹಳ್ಳಿಗೆ ಅಗಲವಾದ ಸೂರು ಮತ್ತು ಎರಚಲು ತಡೆಯುವ ಜಗಲಿ ಇರುವ ಇನ್ನೊಂದು ನಕ್ಷೆ ಸಿದ್ಧಪಡಿಸಿ, ಫಲಾನುಭವಿಗೆ ಮೊದಲ ಕಂತಿನ ಹಣದ ಜೊತೆಗೇ ಅದನ್ನು ಕೈಗಿಡಬೇಕು. ಅಡಿಪಾಯಕ್ಕೆ ಗೆರೆ ಹಾಕುವ ದಿನ ಮೇಸ್ತ್ರಿಯ ಕೈಯಲ್ಲಿ ಆ ನಕ್ಷೆ ಇರಬೇಕು.